ಕಂಪೋಸರ್ ಇಲ್ಲದೆ ನಮ್ಮ ಹಾರರ್ ಕಿರುಚಿತ್ರಕ್ಕೆ ಮ್ಯೂಸಿಕ್ ಕೂಡಿಸಿದ್ದು ಹೀಗೆ

ಗದಗದ ಒಂದು ಮುಚ್ಚಿದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ನಾವು ಗೆಳೆಯರು ಸೇರಿ 18 ನಿಮಿಷದ ಹಾರರ್ ಕಿರುಚಿತ್ರ ಮಾಡಿದೆವು. ಮ್ಯೂಸಿಕ್ ಮಾಡಿಸೋಕೆ ದುಡ್ಡಿರಲಿಲ್ಲ. ಹಾಗಾಗಿ ಎಲ್ಲವನ್ನೂ ಲೈಬ್ರರಿಯಿಂದಲೇ ತೆಗೆದೆ. ಯಾರೋ ಮೊದಲೇ ಮಾಡಿಟ್ಟ, ಇಂಥದ್ದೇ ಸಿನಿಮಾಕ್ಕೆ ಅಂತ ಇಲ್ಲದ ರೆಡಿ ತುಣುಕುಗಳು ಇರ್ತವಲ್ಲ, ಅವು. ಚಿತ್ರ ನೋಡಿದವರು ‘ಮ್ಯೂಸಿಕ್ ಯಾರದು?’ ಅಂತ ಕೇಳುತ್ತಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ದಾರಿಯಲ್ಲಿ ನನಗೆ ಗುರು ಒಂದೇ ಚಿತ್ರ. ಜಾರ್ಜ್ ರೊಮೆರೊ ಅವರ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಅಮೆರಿಕದ ಪಿಟ್ಸ್‌ಬರ್ಗ್ ಕಡೆಯ ಹುಡುಗರು ಸುಮಾರು 1,14,000 ಡಾಲರ್‌ನಲ್ಲಿ ಮಾಡಿದ ಕಪ್ಪು ಬಿಳುಪು ಸಿನಿಮಾ. ಅದರ ಮ್ಯೂಸಿಕ್ ಅದಕ್ಕೆಂದೇ ಮಾಡಿದ್ದಲ್ಲ. ಕ್ಯಾಪಿಟಲ್ ಅನ್ನೋ ರೆಕಾರ್ಡ್ ಕಂಪನಿಯ ‘ಹೈ-ಕ್ಯೂ’ ಅನ್ನೋ ಲೈಬ್ರರಿಯಿಂದ ಆರಿಸಿದ್ದು. ಅದೇ ತುಣುಕುಗಳಲ್ಲಿ ಕೆಲವು 1959ರ ‘ಟೀನೇಜರ್ಸ್ ಫ್ರಮ್ ಔಟರ್ ಸ್ಪೇಸ್’ನಲ್ಲೂ ಕೇಳುತ್ತವೆ, ಅದೇ ಲೈಬ್ರರಿಯ ಹಗುರ ಮ್ಯೂಸಿಕ್ ಮಕ್ಕಳ ಕಾರ್ಟೂನ್‌ಗಳಲ್ಲೂ ಓಡಿತ್ತು. ಆರಿಸಿದವರು ಕಾರ್ಲ್ ಹಾರ್ಡ್‌ಮನ್, ಚಿತ್ರದಲ್ಲಿ ಸಿಡುಕು ಸ್ವಭಾವದ ಹ್ಯಾರಿ ಕೂಪರ್ ಪಾತ್ರ ಮಾಡಿದವರು. ಅವರು ಆರಿಸಿ ಸುಮ್ನೆ ಕೂರಲಿಲ್ಲ, ಮೇಲೆ ಎಲೆಕ್ಟ್ರಾನಿಕ್ ಸದ್ದುಗಳನ್ನು ಸೇರಿಸಿದರು. ನೆಲಮಾಳಿಗೆಯಲ್ಲಿ ಮಗಳು ತಾಯಿಯನ್ನು ಕೊಲ್ಲುವ ದೃಶ್ಯ ನೋಡಿ. ಅಲ್ಲಿ ತಾಯಿಯ ಚೀರಾಟಕ್ಕೇ ಎಕೋ ಹಾಕಿ ಹಾಕಿ, ಅದು ಮನುಷ್ಯರ ದನಿಯೇ ಅಲ್ಲ ಅನ್ನೋ ಹಾಗೆ ಮಾಡಿದ್ದಾರೆ. ನನಗೆ ಇಡೀ ಚಿತ್ರದಲ್ಲಿ ಅತಿ ಹೆಚ್ಚು ಭಯ ಆಗೋದು ಅಲ್ಲೇ.

ಅದನ್ನು ಮತ್ತೆ ಮತ್ತೆ ಕೇಳಿ ನನಗೆ ಗೊತ್ತಾಗಿದ್ದು ಇಷ್ಟು. ರೆಡಿ ಮ್ಯೂಸಿಕ್‌ಗೆ ನಿಮ್ಮ ಕಥೆ ಗೊತ್ತಿರಲ್ಲ. ಅದು ತನ್ನ ಪಾಡಿಗೆ ಏರುತ್ತೆ, ತನ್ನ ಪಾಡಿಗೆ ಮುಗಿಯುತ್ತೆ. ಎಲ್ಲಿ ಶುರು ಮಾಡಬೇಕು ಅನ್ನೋದಕ್ಕಿಂತ ಎಲ್ಲಿ ಕತ್ತರಿಸಬೇಕು ಅನ್ನೋದೇ ನಿಜವಾದ ಕೆಲಸ.

ಹುಬ್ಬಳ್ಳಿಯ ನನ್ನ ರೂಮಿನಲ್ಲಿ ಎಡಿಟ್‌ಗೆ ಕೂತಾಗ ಮೊದಲು ಮ್ಯೂಸಿಕ್ಕೇ ಇಲ್ಲದೆ ಪೂರ್ತಿ ಚಿತ್ರ ಕಟ್ ಮಾಡಿದೆ. ಮಾತು, ಹೆಜ್ಜೆ, ಬಾಗಿಲು, ತಗಡಿನ ಸದ್ದು ಎಲ್ಲ ಕೂಡಿಸಿದ ಮೇಲೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಕಡೆ ಮ್ಯೂಸಿಕ್ ಬೇಕಾಗಿಯೇ ಇರಲಿಲ್ಲ. ಬೇಕು ಅನ್ನಿಸಿದ ಜಾಗಕ್ಕೆ ಮಾತ್ರ ಹುಡುಕಲು ಶುರು ಮಾಡಿದೆ. ಹುಡುಕುವಾಗ ‘ಹಾರರ್’ ಅಂತ ಟೈಪ್ ಮಾಡಬೇಡಿ, ಬರೋದೆಲ್ಲ ಒಂದೇ ಥರ ಇರುತ್ತೆ, ಬರೀ ಧಡ್ ಧಡ್ ಅಂತ. ನಾನು ‘ಕಾಯುವಿಕೆ’, ‘ಒಂಟಿ ಚೆಲ್ಲೊ’ (ಪಿಟೀಲಿನ ಥರದ, ದಪ್ಪ ದನಿಯ ದೊಡ್ಡ ವಾದ್ಯ), ‘ನಿಧಾನ’ ಅನ್ನೋ ಅರ್ಥದ ಇಂಗ್ಲಿಷ್ ಪದಗಳಲ್ಲಿ ಹುಡುಕಿದೆ. ವಾಚ್‌ಮನ್ ಟಾರ್ಚ್ ಹಿಡಿದು ಗೋದಾಮಿನೊಳಗೆ ಹೋಗುವ ದೃಶ್ಯಕ್ಕೆ ಸಿಕ್ಕ ಪೀಸ್ ನಿಜಕ್ಕೂ ದುಃಖದ್ದು, ಭಯದ್ದಲ್ಲ. ಆದರೆ ಅಲ್ಲಿ ಕೂಡಿಸಿದಾಗ ಆ ಮನುಷ್ಯನ ಮೇಲೆ ಕರುಣೆ ಬರುತ್ತೆ, ಕರುಣೆ ಬಂದ ಮೇಲೆ ಅವನಿಗೆ ಏನಾಗುತ್ತೋ ಅನ್ನೋ ಭಯ ತಾನಾಗೇ ಬರುತ್ತೆ.

ಆ ಪೀಸ್ ಕೊನೆಗೆ ಜೋರಾಗಿ ಏರುತ್ತಿತ್ತು. ಏರುವ ಮೊದಲೇ, ಗೋದಾಮಿನ ಬಾಗಿಲು ಬಡಿದುಕೊಳ್ಳುವ ಸದ್ದಿನ ಕೆಳಗೆ ಕತ್ತರಿಸಿದೆ. ಫೇಡ್ ಮಾಡಲಿಲ್ಲ, ಅಂದ್ರೆ ಸದ್ದನ್ನು ಮೆಲ್ಲಗೆ ಇಳಿಸಲಿಲ್ಲ. ದೊಡ್ಡ ಸದ್ದಿನ ಅಡಿಯಲ್ಲಿ ಕಟ್ ಮಾಡಿದರೆ ಕಿವಿಗೆ ಕಟ್ ಗೊತ್ತಾಗಲ್ಲ, ಆದರೆ ಏನೋ ಕಳೆದುಹೋಯ್ತು ಅಂತ ಮನಸ್ಸಿಗೆ ಅನ್ನಿಸುತ್ತೆ.

ಇನ್ನೊಂದು ತೊಂದರೆ ಅಂದ್ರೆ ಲೈಬ್ರರಿ ಮ್ಯೂಸಿಕ್ ತುಂಬಾ ಕ್ಲೀನ್ ಇರುತ್ತೆ, ನಮ್ಮ ಧೂಳಿನ ಫ್ಯಾಕ್ಟರಿಗೆ ಹೊಂದಲ್ಲ. ಇಕ್ಯೂನಲ್ಲಿ (ಸದ್ದಿನ ದಪ್ಪ, ತೆಳು ಭಾಗಗಳನ್ನು ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡುವ ಟೂಲ್) 100 ಹರ್ಟ್ಜ್ ಕೆಳಗಿನ ದಪ್ಪ ಸದ್ದು, 6,000 ಹರ್ಟ್ಜ್ ಮೇಲಿನ ತೆಳು ಸದ್ದು ತೆಗೆದುಬಿಟ್ಟೆ. ಆಮೇಲೆ ಬೆಟಗೇರಿಗೆ ಹೋಗಿ ಕೈಮಗ್ಗದ ಸದ್ದು ರೆಕಾರ್ಡ್ ಮಾಡಿಕೊಂಡು ಬಂದೆ. ಮಗ್ಗದ ಮೇಲಿದ್ದ ಹಿರಿಯರು ‘ದೆವ್ವದ ಸಿನಿಮಾಕ್ಕ ನಮ್ಮ ಮಗ್ಗದ ಸಪ್ಪಳ ಯಾಕ ಬೇಕೋ ತಮ್ಮಾ?’ ಅಂತ ಕೇಳಿದರು. ‘ನಿಧಾನ ಮಾಡಿ ಕೇಳಸ್ತೀನಿ ತಡೀರಿ ಕಾಕಾ’ ಅಂದೆ. ಲ್ಯಾಪ್‌ಟಾಪ್‌ನಲ್ಲಿ ವೇಗ ಕಾಲು ಭಾಗಕ್ಕಿಳಿಸಿ ಹೆಡ್‌ಫೋನ್ ಕೊಟ್ಟಾಗ ಅವರು ಎರಡನೇ ಸಲ ಹಾಕಿಸಿಕೊಂಡು ಕೇಳಿದರು. ಚೆಲ್ಲೊ ಕೆಳಗೆ ಈಗ ಅದೇ ಬಡಿಯುತ್ತಿದೆ. ಬೇರೆ ಕಡೆಯ ಮ್ಯೂಸಿಕ್ ನಮ್ಮೂರಿನದಾಗಿದ್ದು ಅದರಿಂದಲೇ ಅಂತ ನಾನು ನಂಬಿದ್ದೇನೆ.

ಈಗ ಲೈಸೆನ್ಸ್ ವಿಷಯ. ಇದನ್ನು ಬಿಡಬೇಡಿ. ರೊಮೆರೊ ಚಿತ್ರದ ಹೆಸರು ಬದಲಾಯಿಸುವಾಗ ಟೈಟಲ್ ಕಾರ್ಡಿನ ಕಾಪಿರೈಟ್ ಗುರುತು ಬಿಟ್ಟುಹೋಯಿತು, ಆಗಿನ ಅಮೆರಿಕದ ಕಾನೂನಿನಂತೆ ಚಿತ್ರ ಎಲ್ಲರ ಸೊತ್ತಾಯಿತು. ‘ಹಾಗಾದ್ರೆ ಅದರ ಮ್ಯೂಸಿಕ್ಕೇ ಎತ್ತಿ ಹಾಕೋಣ’ ಅಂತ ನಮ್ಮ ಟೀಮಿನಲ್ಲೂ ಒಬ್ಬರು ಹೇಳಿದರು. ನಾನು ಬೇಡ ಅಂದೆ. ಚಿತ್ರದ ಹಕ್ಕು ಹೋಯಿತು ಅಂದ ಮಾತ್ರಕ್ಕೆ ಒಳಗಿನ ಮ್ಯೂಸಿಕ್‌ನ ಹಕ್ಕೂ ಹೋಯಿತು ಅಂತಲ್ಲ. ಅದು ಮೊದಲೇ ಬೇರೆಯವರು ಮಾಡಿದ ವಸ್ತು.

ನಾನು ಕ್ರಿಯೇಟಿವ್ ಕಾಮನ್ಸ್ ಪೀಸ್‌ಗಳನ್ನೇ ಬಳಸಿದೆ, ಅಂದ್ರೆ ಕೆಲವು ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಲಿ ಅಂತ ಮಾಡಿದವರೇ ಬಿಟ್ಟವು. ಷರತ್ತು ಏನು ಅನ್ನೋದು ಲೈಸೆನ್ಸ್ ಹೆಸರಿನ ಅಕ್ಷರಗಳಲ್ಲೇ ಇರುತ್ತೆ. ‘ಬಿವೈ’ ಇದ್ದರೆ ಮಾಡಿದವರ ಹೆಸರು ಕೊಟ್ಟು ಬಳಸಬಹುದು. ‘ಎನ್‌ಸಿ’ ಇದ್ದರೆ ಹಣ ಗಳಿಸುವ ಕಡೆ ಹಾಕುವಂತಿಲ್ಲ. ‘ಎಸ್‌ಎ’ ಇದ್ದರೆ ನಿಮ್ಮ ಚಿತ್ರವನ್ನೂ ಅದೇ ಲೈಸೆನ್ಸ್‌ನಲ್ಲಿ ಬಿಡಬೇಕು. ‘ಎನ್‌ಡಿ’ ಇರೋದಂತೂ ಸಿನಿಮಾದವರ ಉಪಯೋಗಕ್ಕೆ ಬರೋದೇ ಇಲ್ಲ, ಯಾಕಂದ್ರೆ ಮ್ಯೂಸಿಕ್ಕನ್ನು ದೃಶ್ಯಕ್ಕೆ ಹೊಂದಿಸಿ ಕೂಡಿಸಿದರೆ ಆ ಲೈಸೆನ್ಸ್ ಪ್ರಕಾರ ಅದು ಮೂಲವನ್ನು ಬದಲಾಯಿಸಿದ ಹಾಗೆ, ಎನ್‌ಡಿ ಇರೋದನ್ನ ಬದಲಾಯಿಸಿ ಹಂಚುವ ಹಾಗಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ಪೀಸ್ ಡೌನ್‌ಲೋಡ್ ಮಾಡಿದ ದಿನವೇ ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟ್ ತೆಗೆದು, ಪೀಸ್ ಹೆಸರು, ಮಾಡಿದವರ ಹೆಸರು, ಚಿತ್ರದಲ್ಲಿ ಎಷ್ಟನೇ ನಿಮಿಷದಿಂದ ಎಷ್ಟರವರೆಗೆ ಅನ್ನೋದನ್ನ ಒಂದು ಶೀಟ್‌ನಲ್ಲಿ ಬರೆದಿಟ್ಟೆ. ಯೂಟ್ಯೂಬ್‌ಗೆ ಹಾಕಿದ ಮೇಲೆ ಒಂದು ಪೀಸ್ ಮೇಲೆ ಯಾರೋ ‘ಇದರ ಹಕ್ಕು ನಮ್ಮದು’ ಅಂತ ಕ್ಲೇಮ್ ಹಾಕಿದರು. ಈ ಶೀಟ್, ಸ್ಕ್ರೀನ್‌ಶಾಟ್ ತೋರಿಸಿದ್ದಕ್ಕೆ ಕ್ಲೇಮ್ ತೆಗೆದರು.

ಮಗ್ಗದ ಸದ್ದು, ಫ್ಯಾಕ್ಟರಿಯ ತಗಡಿನ ಸದ್ದು, ಕಪ್ಪತಗುಡ್ಡದ ಕಡೆ ರೆಕಾರ್ಡ್ ಮಾಡಿದ ಗಾಳಿಯಂತ್ರದ ಗುಂಯ್ ಅನ್ನೋ ಸದ್ದು, ಈ ಮೂರೂ ಫೈಲ್ ನನ್ನ ಹತ್ತಿರ ಇವೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಯಾರಾದರೂ ಕಿರುಚಿತ್ರ ಮಾಡುತ್ತಿದ್ದರೆ ಕೇಳಿ, ಸುಮ್ನೆ ಕೊಡ್ತೀನಿ. ನಿಮ್ಮೂರಲ್ಲಿ ನೀವು ರೆಕಾರ್ಡ್ ಮಾಡಿದ್ದು ಇದ್ದರೆ ನನಗೂ ಕಳಿಸಿ.