ಕೊಪ್ಪಳದಿಂದ ಮಂಗಳೂರಿಗೆ: ಬಿ.ಎಸ್ಸಿ. ನರ್ಸಿಂಗ್‌ಗಾಗಿ ಊರು ಬಿಟ್ಟ ನನ್ನ ಅನುಭವ

ನರ್ಸಿಂಗ್ ಪದವಿಗೆಂದು ಬೇರೆ ಊರಿಗೆ ಹೋಗುವವರು ಕಾಲೇಜಿನ ಕಟ್ಟಡ, ಶುಲ್ಕ, ಹಾಸ್ಟೆಲ್ಲಿನ ಊಟ ಇವನ್ನೆಲ್ಲ ವಿಚಾರಿಸುತ್ತಾರೆ. ಕ್ಲಿನಿಕಲ್ ಪೋಸ್ಟಿಂಗ್, ಎಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಕಲಿಯುವ ಸರದಿ, ಯಾವ ಆಸ್ಪತ್ರೆಯಲ್ಲಿ, ಅದು ಬೆಳಿಗ್ಗೆ ಎಷ್ಟು ಗಂಟೆಗೆ ಎಂದು ಕೇಳುವವರು ಕಡಿಮೆ. ನಮ್ಮೂರಿನಿಂದ ನನಗಿಂತ ಮೊದಲು ಈ ಕೋರ್ಸಿಗೆ ಹೋಗಿದ್ದ ಅಕ್ಕ ಒಬ್ಬರು ಇದೊಂದನ್ನು ಮಾತ್ರ ತಪ್ಪದೆ ಕೇಳಿಕೋ ಎಂದು ಹೇಳಿ ಕಳಿಸಿದ್ದರು. ಕೊಪ್ಪಳ ಜಿಲ್ಲೆಯ ಹಳ್ಳಿಯಿಂದ ಮಂಗಳೂರಿಗೆ ಬಂದ ನಾನು ಕೋಣೆ, ಬಟ್ಟೆ, ಬಸ್ಸು, ಕೊನೆಗೆ ಭಾಷೆಯನ್ನೂ ಆ ಒಂದು ಪ್ರಶ್ನೆಯ ಉತ್ತರಕ್ಕೆ ತಕ್ಕಂತೆಯೇ ಹೊಂದಿಸಿಕೊಂಡೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ಓಡಾಡಲು ಸಮಯವೇ ಉಳಿದಿರುವುದಿಲ್ಲ. ಆದ್ದರಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದ ಮೀಸಲಾತಿಗೆ ನಮ್ಮ ಭಾಗದವರಿಗೆ ಬೇಕಾಗುವ 371(ಜೆ) ಅರ್ಹತಾ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇಷ್ಟನ್ನೂ ಪಿಯುಸಿ ಫಲಿತಾಂಶಕ್ಕೆ ಮುನ್ನವೇ ಸಿದ್ಧಮಾಡಿಕೊಂಡಿದ್ದೆ. ಮೂಲ ಅಂಕಪಟ್ಟಿಗಳು ಕಾಲೇಜಿನ ಕೈಸೇರುವ ಮೊದಲು ಅವನ್ನು ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಬೇಕು, ಏಕೆಂದರೆ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಅವು ಮತ್ತೆ ಬೇಕಾಗುತ್ತವೆ. ಹಿಂದುಳಿದ ವರ್ಗಗಳ ಹಾಸ್ಟೆಲ್ಲಿನಲ್ಲಿ ಸೀಟು ಸಿಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳ ಹಣದ ನೆರವುಂಟು. ಆದರೆ ಅದು ತಿಂಗಳು ತಿಂಗಳು ಕೈಗೆ ಬರುತ್ತದೆಂದು ನಂಬಿ ಯಾರೂ ಬಾಡಿಗೆ ಒಪ್ಪಿಕೊಳ್ಳಬಾರದು. ಹೆಪಟೈಟಿಸ್ ಬಿ ಲಸಿಕೆಯನ್ನೂ ದಾಖಲೆಗಳಂತೆ ಮೊದಲೇ ಆರಂಭಿಸಿಬಿಡಬೇಕು. ಮೊದಲ ಡೋಸಾಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ನಾನು ಊರಿನಲ್ಲಿಯೇ ಆರಂಭಿಸಿ, ಚೀಟಿಯನ್ನು ಜೊತೆಗೆ ತಂದು, ಉಳಿದ ಡೋಸುಗಳನ್ನು ಇಲ್ಲಿ ಹಾಕಿಸಿಕೊಂಡೆ.

ನಮ್ಮ ಕಾಲೇಜು ನಗರದ ಹೊರವಲಯದಲ್ಲಿದೆ. ಪೋಸ್ಟಿಂಗ್ ಹಂಪನಕಟ್ಟೆಯ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. 1848ರಲ್ಲಿ ಸ್ಥಾಪನೆಯಾದ ಈ ಜಿಲ್ಲಾ ಆಸ್ಪತ್ರೆಗೆ ಕಾಸರಗೋಡಿನಿಂದ ಹಿಡಿದು ಮಲೆನಾಡಿನವರೆಗಿನ ರೋಗಿಗಳು ಬರುತ್ತಾರೆ. ಕಾಲೇಜಿನ ಪಕ್ಕದಲ್ಲಿ ಅಗ್ಗದ ಕೋಣೆಗಳಿದ್ದರೂ ನಾನು ಕಂಕನಾಡಿಯಲ್ಲಿ ಇಬ್ಬರು ಮಲಯಾಳಿ ಸಹಪಾಠಿಗಳೊಂದಿಗೆ ಪಿಜಿ ಹಿಡಿದೆ. ತರಗತಿಗೆ ಐದು ನಿಮಿಷ ತಡವಾದರೆ ಅಧ್ಯಾಪಕರು ಒಮ್ಮೆ ದಿಟ್ಟಿಸಿ ನೋಡಿ ಬಿಡುತ್ತಾರೆ, ವಾರ್ಡಿನಲ್ಲಿ ಹಾಗಲ್ಲ: ರಾತ್ರಿ ಪಾಳಿಯವರು ರೋಗಿಗಳ ವಿವರ ಒಪ್ಪಿಸುವ ಹೊತ್ತಿಗೆ ಅಲ್ಲಿರದಿದ್ದರೆ ಆ ದಿನವೆಲ್ಲ ಕುರುಡರಂತೆ ಓಡಾಡಬೇಕಾಗುತ್ತದೆ. ಬಾಡಿಗೆ ಹೆಚ್ಚಾಯಿತೆಂದು ಅಪ್ಪ ಗೊಣಗಿದರು. ಆ ಲೆಕ್ಕದಲ್ಲಿ ನಾನೇ ಸರಿ ಎಂದು ಈಗಲೂ ನಂಬಿದ್ದೇನೆ.

ಬಸ್ಸಿನ ಖರ್ಚನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಲೆಕ್ಕಕ್ಕೇ ಹಿಡಿಯುವುದಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆಯಲ್ಲ ಎಂಬ ಧೈರ್ಯ. ಮಂಗಳೂರಿನ ನಗರ ಸಂಚಾರ ಬಹುಪಾಲು ಖಾಸಗಿ ಬಸ್ಸುಗಳದು, ಅವುಗಳಲ್ಲಿ ಟಿಕೆಟ್ ಕೊಳ್ಳಲೇಬೇಕು. ಊರಿಗೆ ಹೋಗಿಬರುವ ಸರ್ಕಾರಿ ಸಾಮಾನ್ಯ ಬಸ್ಸಿಗೆ ಶಕ್ತಿ ಉಪಯೋಗಕ್ಕೆ ಬರುತ್ತದೆ. ಪುಸ್ತಕದ ಗಂಟಿದ್ದರೆ ಗದಗಿನಲ್ಲಿ ವಿಜಯಪುರ–ಮಂಗಳೂರು ರೈಲು ಹಿಡಿಯುವುದೇ ಮೇಲು.

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಊರಿನವಳಿಗೆ 3,500 ಮಿಲಿಮೀಟರ್ ದಾಟುವ ಊರಿನ ಜೂನ್ ತಿಂಗಳು ಎಂಥದೆಂದು ಹೇಳಿ ತಿಳಿಸುವಂತಿಲ್ಲ. ಕುಚ್ಚಲಕ್ಕಿ ಅನ್ನ ಬೇಗ ರೂಢಿಯಾಯಿತು; ಒಗೆದ ಬಿಳಿ ಸಮವಸ್ತ್ರ ಒಣಗದೆ ಮುಗ್ಗಲು ವಾಸನೆ ಹಿಡಿಯುವುದು ಮಾತ್ರ ಕೊನೆಯವರೆಗೂ ರೂಢಿಯಾಗಲಿಲ್ಲ. ಮೂರನೆಯ ಜೊತೆ ಹೊಲಿಸಿಕೊಂಡು, ಫ್ಯಾನಿನ ಕೆಳಗೆ ಹಗ್ಗ ಕಟ್ಟಿ, ಒದ್ದೆ ಶೂಗಳಿಗೆ ಹಳೆಯ ಪತ್ರಿಕೆ ತುರುಕಿ ಮಳೆಗಾಲ ದಾಟಿದೆವು. ಸೆಕೆಂಡಿನ ಮುಳ್ಳಿರುವ, ಎದೆಯ ಬಳಿ ಪಿನ್ ಮಾಡಿಕೊಳ್ಳುವ ಗಡಿಯಾರವನ್ನು ಊರಿನಿಂದಲೇ ತಂದಿದ್ದು ಒಳ್ಳೆಯದಾಯಿತು, ಏಕೆಂದರೆ ವಾರ್ಡಿನಲ್ಲಿ ನಮಗೆ ಮೊಬೈಲ್ ಬಳಸುವಂತಿಲ್ಲ.

ಆ ಗಡಿಯಾರ ಏಕೆ ಬೇಕೆಂಬುದು ಮೊದಲ ಸೆಮಿಸ್ಟರಿನಲ್ಲಿಯೇ ತಿಳಿಯುತ್ತದೆ. ಮಣಿಕಟ್ಟಿನ ಮೇಲೆ ಬೆರಳುಗಳನ್ನಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಬೇಕು. ಹೆಬ್ಬೆರಳಿಗೆ ಅದರದೇ ಮಿಡಿತವಿರುವುದರಿಂದ ಅದನ್ನು ಬಳಸುವಂತಿಲ್ಲ. ನಾಡಿ ಎಣಿಸಿ ಮುಗಿದ ಮೇಲೂ ಬೆರಳನ್ನು ತೆಗೆಯದೆ, ಇನ್ನೂ ನಾಡಿಯನ್ನೇ ನೋಡುತ್ತಿರುವವರಂತೆ ನಿಂತು, ಎದೆಯ ಏರಿಳಿತ ಗಮನಿಸಿ ಉಸಿರಾಟವನ್ನು ಎಣಿಸಬೇಕು. ಉಸಿರನ್ನು ಎಣಿಸುತ್ತಿದ್ದಾರೆಂದು ಗೊತ್ತಾದೊಡನೆ ಯಾರ ಉಸಿರಾದರೂ ಬದಲಾಗುತ್ತದೆ. ನರ್ಸಿಂಗ್ ಫೌಂಡೇಶನ್ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಪಾಠ ಇದೇ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಾದ್ದರಿಂದ ಅನಾಟಮಿ, ಫಿಸಿಯಾಲಜಿಗಳ ಇಂಗ್ಲಿಷ್ ಕಷ್ಟವಾಗುತ್ತದೆಂದು ಅಂಜಿದ್ದೆ. ಬರೆದು ಬರೆದು ಅದು ಕೈಗೆ ಹತ್ತಿತು. ಹೆಚ್ಚು ದುಡಿಮೆ ಬೇಡಿದ್ದು ತುಳು. ವಾರ್ಡಿನ ವಯಸ್ಸಾದ ಹೆಂಗಸರು ಕನ್ನಡ ಬಲ್ಲವರಾದರೂ ನೋವಿನಲ್ಲಿದ್ದಾಗ ತುಳುವಿಗೇ ಹೊರಳುತ್ತಾರೆ. ‘ಬೇನೆ ಉಂಡಾ’ (ನೋವಿದೆಯೇ), ‘ನೀರ್ ಬೋಡಾ’ (ನೀರು ಬೇಕೇ), ‘ವಣಸ್ ಆಂಡಾ’ (ಊಟ ಆಯಿತೇ) ಎಂಬಂಥ ಮಾತುಗಳನ್ನು ಪಿಜಿಯ ಅಡುಗೆಯವರಿಂದ ಕಲಿತು, ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡೆ. ಮಲಯಾಳಂಗೆ ಕೋಣೆಯಲ್ಲಿಯೇ ಇಬ್ಬರು ಗುರುಗಳಿದ್ದರು. ಇದಕ್ಕೆ ಪ್ರತಿಯಾಗಿ ನನ್ನ ಮಾತಿಗೂ ಅಲ್ಲಿ ಕೆಲಸ ಸಿಕ್ಕಿತು. ಕೊಪ್ಪಳ, ಗದಗ, ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಮಂಗಳೂರಿನಲ್ಲಿ ಬಹಳ ಮಂದಿ. ಮೆಡಿಕಲ್ ವಾರ್ಡಿನಲ್ಲಿ ಯಲಬುರ್ಗಾ ಕಡೆಯ ಒಬ್ಬರು ಎಲ್ಲ ಪ್ರಶ್ನೆಗೂ ‘ಹ್ಞೂಂ’ ಎಂದಷ್ಟೇ ಹೇಳುತ್ತಿದ್ದರು. ನಾನು ‘ಯಾವೂರ್ರೀ ನಿಮ್ದು’ ಎಂದು ಶುರುಮಾಡಿದ ಮೇಲೆ, ಊರಿನಲ್ಲಿ ಯಾರಿಂದಲೋ ತಂದ ಗುಳಿಗೆಗಳನ್ನು ದಿನಾಲೂ ನುಂಗುತ್ತಿದ್ದ ಸಂಗತಿ ಹೊರಬಂತು. ಅದನ್ನು ಸಿಸ್ಟರ್ ಗಮನಕ್ಕೆ ತಂದೆ, ಅವರು ವೈದ್ಯರಿಗೆ ತಿಳಿಸಿದರು.

ರಜೆಯ ವಿಚಾರವನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳಿಬಿಡುವುದು ಒಳ್ಳೆಯದು. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ತರಗತಿಗಳಲ್ಲಿ ಶೇ 80ರಷ್ಟು ಹಾಜರಾತಿ ಸಾಕು, ಆದರೆ ಪದವಿ ಕೈಗೆ ಬರಬೇಕಾದರೆ ಕ್ಲಿನಿಕಲ್ ಹಾಜರಾತಿ ಶೇ 100 ಇರಲೇಬೇಕು. ತಪ್ಪಿಸಿದ ಪ್ರತಿಯೊಂದು ದಿನವನ್ನೂ ಮುಂದೆ ತುಂಬಿಕೊಡಬೇಕಾಗುತ್ತದೆ. ಜನವರಿಯ ಕೊಪ್ಪಳದ ಗವಿಮಠದ ಜಾತ್ರೆಗೆ ಬರಲೇಬೇಕೆಂದು ಅವ್ವ ದಸರೆಯಿಂದಲೇ ಹೇಳಲು ತೊಡಗುತ್ತಾಳೆ. ಪೋಸ್ಟಿಂಗ್ ಪಟ್ಟಿ ಫಲಕಕ್ಕೆ ಬಿದ್ದ ಮೇಲಷ್ಟೇ ನಾನು ಟಿಕೆಟ್ ಕಾಯ್ದಿರಿಸುತ್ತೇನೆ.