ಹೊಸ ಪೈಪು ಪಳಗಿಸಿದ ಬಗೆ

ತಂಬಾಕು ಸೇದುವ ಹೊಸ ಬ್ರಯರ್ ಮರದ ಪೈಪಿನ ಬೌಲ್, ಅಂದರೆ ತಂಬಾಕು ತುಂಬುವ ಬಟ್ಟಲಿನ ಒಳಗೆ ಬೆರಳು ಹಾಕಿ ನೋಡಿ. ಬರೀ ಮರ. ಕೆಂಡ ಕೂರುವ ಜಾಗದಲ್ಲಿ ಮರ! ಅದು ಸುಟ್ಟುಹೋಗದೆ ವರ್ಷಗಟ್ಟಲೆ ಬಾಳಬೇಕಾದರೆ ಕೆಂಡಕ್ಕೂ ಮರಕ್ಕೂ ನಡುವೆ ತೆಳುವಾದ ಇದ್ದಿಲಿನ ಪದರ ಇರಬೇಕು. ಪೈಪು ಸೇದುವವರು ಅದಕ್ಕೆ ಕೇಕ್ ಅನ್ನುತ್ತಾರೆ. ಅದು ದುಡ್ಡು ಕೊಟ್ಟರೆ ಸಿಗುವುದಿಲ್ಲ. ತಂಬಾಕು ಉರಿದು ಉರಿದು ತಾನಾಗಿ ಕಟ್ಟಬೇಕು. ಮನೆಯಲ್ಲಿ ಹೊಸ ಕಬ್ಬಿಣದ ಕಾವಲಿಯನ್ನು ದೋಸೆಗೆ ಪಳಗಿಸುತ್ತೇವಲ್ಲ, ಪೈಪಿನದ್ದೂ ಅದೇ ಲೆಕ್ಕ. ಆತುರಪಟ್ಟರೆ ಕೆಟ್ಟಿತು.

ಮೊದಲೇ ಒಂದು ಮಾತು. ಪೈಪಿನಲ್ಲಿರುವುದೂ ತಂಬಾಕೇ. ಹೊಗೆಯನ್ನು ಎದೆಯೊಳಗೆ ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ. ಸೇದದವರು ದಯವಿಟ್ಟು ಇದನ್ನು ಓದಿ ಶುರು ಮಾಡಬೇಡಿ. ಈಗಾಗಲೇ ಸೇದುವವರು, ಕೈಗೆ ಬಂದ ಹೊಸ ಪೈಪನ್ನು ಹಾಳು ಮಾಡಿಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ.

ನಾನು ತೆಗೆದುಕೊಂಡದ್ದು ನೇರ ಕೊಳವೆಯ ಸಾದಾ ಪೈಪು. ಒಳಗೆ ಯಾವ ಲೇಪವೂ ಇರಲಿಲ್ಲ, ಅದನ್ನು ನೋಡಿಯೇ ಆರಿಸಿಕೊಂಡೆ. ಬ್ರಯರ್ ಅಂದರೆ ಮೆಡಿಟರೇನಿಯನ್ ಸಮುದ್ರದ ಸುತ್ತಲ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಮರದ ಗಂಟು. ಬೇರಿಗೂ ಕಾಂಡಕ್ಕೂ ನಡುವೆ, ಮಣ್ಣಿನ ಮಟ್ಟದಲ್ಲಿ ಊದಿಕೊಂಡಿರುತ್ತದೆ. ಅದನ್ನು ಅಗೆದು, ಕೊಯ್ದು, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ, ಆಮೇಲೆ ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಒಳಗಿನ ಒಗರು, ರಸ ಎಲ್ಲ ಹೋಗಲಿ ಅಂತ ಈ ಕುದಿಸುವ ಕೆಲಸ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರು 19ನೇ ಶತಮಾನದಿಂದಲೂ ಈ ಪೈಪುಗಳಿಗೆ ಹೆಸರುವಾಸಿ. ಎಷ್ಟು ಕುದಿಸಿದರೂ ಒಂದಿಷ್ಟು ಕಹಿ ಉಳಿದಿರುತ್ತದೆ. ಮೊದಲ ಕೆಲವು ಸಲ ಬಾಯಿಗೆ ಹಸಿಮರದ ರುಚಿ ಬಂದರೆ ಗಾಬರಿ ಬೇಡ. ಅದು ಹೋಗುತ್ತದೆ.

ಯಾವ ತಂಬಾಕು ಹಾಕಬೇಕು ಅನ್ನುವುದು ಇಲ್ಲಿ ತುಂಬಾ ಮುಖ್ಯ. ನಾನು ಹುಣಸೂರು ಕಡೆಯವನು. ನಮ್ಮಲ್ಲಿ ಹೊಗೆಸೊಪ್ಪು ಅಂದರೆ ವರ್ಜೀನಿಯಾ. ಅದನ್ನು ಬ್ಯಾರನ್‌ನಲ್ಲಿ, ಅಂದರೆ ಎಲೆ ಒಣಗಿಸುವ ಕೋಣೆಯಲ್ಲಿ, ಹದ ಮಾಡುವುದನ್ನು ನೋಡುತ್ತಲೇ ಬೆಳೆದವನು. ಒಲೆಯ ಬಾಯಿ ಹೊರಗೆ. ಒಳಗೆ ಹಾದುಹೋಗುವ ಕೊಳವೆಯಿಂದ ಬರೀ ಬಿಸಿ ಬರುತ್ತದೆ, ಹೊಗೆ ಎಲೆಗೆ ತಾಗುವುದಿಲ್ಲ. ಮೊದಲು 35ರಿಂದ 40 ಡಿಗ್ರಿ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಕಾವು ಏರಿಸುತ್ತಾ ಹೋಗಿ, ಕೊನೆಗೆ ದಂಟು ಒಣಗಿಸಲು 70ರ ಹತ್ತಿರಕ್ಕೆ ತರುತ್ತಾರೆ. ಐದಾರು ದಿನದ ಕೆಲಸ. ಎಲೆಯಲ್ಲಿದ್ದ ಪಿಷ್ಟ ಸಕ್ಕರೆಯಾಗಿ ಅಲ್ಲೇ ಉಳಿದುಬಿಡುತ್ತದೆ. ವರ್ಜೀನಿಯಾದ ಸಿಹಿಗೆ ಕಾರಣ ಅದೇ. ಸ್ವಲ್ಪ ಜೋರಾಗಿ ಎಳೆದರೆ ನಾಲಿಗೆ ಉರಿಯುವುದೂ ಆ ಎಲೆಯ ಗುಣವೇ. ಎಷ್ಟೇ ಇಷ್ಟವಾದ ಎಲೆಯಾದರೂ ಹೊಸ ಪೈಪಿಗೆ ಮೊದಲು ಅದನ್ನು ಹಾಕಲಿಲ್ಲ.

ಹಾಕಿದ್ದು ಬರ್ಲಿ ಅನ್ನುವ ಇನ್ನೊಂದು ಜಾತಿಯ ತಂಬಾಕು. ಬರ್ಲಿ ಎಲೆಯನ್ನು ಬೆಂಕಿಯಿಲ್ಲದೆ ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ಒಣಗಿಸುತ್ತಾರೆ. ಅಷ್ಟು ನಿಧಾನವಾಗಿ ಒಣಗುವಾಗ ಎಲೆಯೇ ತನ್ನ ಸಕ್ಕರೆಯನ್ನು ತಿಂದು ಮುಗಿಸಿರುತ್ತದೆ. ಒಣಗಿ ಉರಿಯುತ್ತದೆ, ಬೌಲ್ ತಳದಲ್ಲಿ ಅಂಟು ಬಿಡುವುದಿಲ್ಲ. ಬರ್ಲಿಯಿಂದ ಕೇಕ್ ಗಟ್ಟಿಯಾಗಿ ಕೂರುತ್ತದೆ ಅಂತ ಹಳಬರು ಹೇಳುತ್ತಾರೆ. ನನಗೂ ಹಾಗೇ ಕಂಡಿತು. ವೆನಿಲ್ಲಾ, ಚೆರ್ರಿ ಅಂತ ಘಮಘಮಿಸುವ ಡಬ್ಬಿಗಳನ್ನು ಮಾತ್ರ ಈ ಹೊತ್ತಿನಲ್ಲಿ ದೂರ ಇಡಿ. ಅವು ಒಣಗದಿರಲಿ ಅಂತ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿರುತ್ತಾರೆ. ಒದ್ದೆ ಒದ್ದೆಯಾಗಿ ಉರಿಯುತ್ತವೆ. ಬೆತ್ತಲೆ ಮರಕ್ಕೆ ಆ ವಾಸನೆ ಹಿಡಿದರೆ ಬೇಗ ಬಿಡುವುದಿಲ್ಲ.

ಮಳೆಗಾಲದಲ್ಲಿ ಡಬ್ಬಿಯಿಂದ ತೆಗೆದ ತಂಬಾಕನ್ನು ಹಾಗೇ ತುಂಬಬಾರದು. ನಾನು ತಟ್ಟೆಯ ಮೇಲೆ ತೆಳ್ಳಗೆ ಹರಡಿ ಅರ್ಧ ಗಂಟೆ ಬಿಡುತ್ತೇನೆ. ಚಿಟಿಕೆ ತೆಗೆದು ಎರಡು ಬೆರಳಲ್ಲಿ ಹಿಚುಕಬೇಕು. ಉಂಡೆಯಾಗಿ ಅಂಟಿಕೊಂಡರೆ ಇನ್ನೂ ಹಸಿ. ಪುಡಿಪುಡಿಯಾದರೆ ಒಣಗಿದ್ದು ಜಾಸ್ತಿಯಾಯಿತು. ಹಿಚುಕಿ ಬಿಟ್ಟಾಗ ಎಳೆಗಳು ಮೆಲ್ಲಗೆ ಬಿಚ್ಚಿಕೊಳ್ಳಬೇಕು, ಅದೇ ಹದ.

ಮೊದಮೊದಲು ಬೌಲ್‌ನ ಮೂರನೇ ಒಂದು ಭಾಗ ಮಾತ್ರ ತುಂಬಿದೆ. ಇದು ಸುಮ್ನೆ ಶಾಸ್ತ್ರಕ್ಕೆ ಹೇಳುವ ಮಾತು, ಪೂರ್ತಿ ತುಂಬಿದರೂ ನಡೆಯುತ್ತದೆ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಪೂರ್ತಿ ತುಂಬಿದಾಗ ಮೇಲಿನ ಗೋಡೆಗೆ ಪ್ರತಿ ಸಲವೂ ಕೆಂಡ ತಾಗುತ್ತದೆ. ತಳಕ್ಕೆ ಬರುವಷ್ಟರಲ್ಲಿ ತಂಬಾಕು ಹಬೆಯಿಂದ ಒದ್ದೆಯಾಗಿರುತ್ತದೆ, ಬಹಳ ಜನ ಅಲ್ಲಿಗೇ ಬಿಟ್ಟು ಕೊಡವಿಬಿಡುತ್ತಾರೆ. ಹೀಗಾಗಿ ಮೇಲೆ ಕೇಕ್ ದಪ್ಪ, ಕೆಳಗೆ ಹಸಿ ಮರ. ಸ್ವಲ್ಪವೇ ತುಂಬಿ ಬೂದಿಯಾಗುವ ತನಕ ಸೇದಿದರೆ ಕೇಕ್ ತಳದಿಂದಲೇ ಕಟ್ಟಲು ಶುರುವಾಗುತ್ತದೆ. ತಳ ಕಪ್ಪಾದ ಮೇಲೆ ಅರ್ಧಕ್ಕೆ ಏರಿಸಿದೆ, ಅದೂ ಕೂತ ಮೇಲೆ ಪೂರ್ತಿಗೆ.

ತುಂಬುವಾಗ ಕೆಳಗೆ ಸಡಿಲ, ಮೇಲೆ ತುಸು ಬಿಗಿ. ಬೆಂಕಿ ಹಚ್ಚುವ ಮೊದಲೇ ಒಮ್ಮೆ ಎಳೆದು ನೋಡುತ್ತೇನೆ. ಗಾಳಿ ಸಲೀಸಾಗಿ ಬಂದರೂ ತಂಬಾಕಿನ ತಡೆ ಗೊತ್ತಾಗುತ್ತಿರಬೇಕು. ಹಚ್ಚಲು ಬೆಂಕಿಕಡ್ಡಿಯೇ ಒಳ್ಳೆಯದು. ಮದ್ದು ಉರಿದುಹೋಗುವ ತನಕ ಕಾದು, ಬರೀ ಕಡ್ಡಿಯ ಉರಿಯನ್ನು ತಂಬಾಕಿನ ಮೇಲೆ ಸುತ್ತಾಡಿಸಬೇಕು, ಅಂಚಿನ ಮರಕ್ಕೆ ತಾಗದಂತೆ. ಮೊದಲ ಉರಿಗೆ ಎಳೆಗಳು ಉಬ್ಬಿ ಮೇಲೆದ್ದು ಬರುತ್ತವೆ. ತಂಬಾಕು ಒತ್ತುವ ಸಣ್ಣ ಸಲಕರಣೆ ಟ್ಯಾಂಪರ್‌ನಿಂದ ಮೆತ್ತಗೆ ಒತ್ತಿ ಮತ್ತೆ ಹಚ್ಚಿದರೆ ಕೆಂಡ ಸಮನಾಗಿ ಹಿಡಿಯುತ್ತದೆ.

ಇನ್ನು ಸೇದುವ ವೇಗ. ಪೈಪು ಕೆಡುವುದು ಬಹುಪಾಲು ಇಲ್ಲೇ. ಕೆಂಡ ಆರಿಹೋಗುತ್ತದೆ ಅನ್ನುವ ಭಯಕ್ಕೆ ಬುಸುಬುಸು ಎಳೆಯುವುದು ಬೇಡ. ಆರಿದರೆ ಆರಲಿ, ಇನ್ನೊಂದು ಕಡ್ಡಿ ಗೀರಿದರಾಯಿತು. ಕೇಕ್ ಇಲ್ಲದ ಮರಕ್ಕೆ ಜೋರು ಉರಿ ತಾಗಿದರೆ ಒಳಗೋಡೆ ಒಂದೇ ಕಡೆ ಸುಟ್ಟು ಗುಳಿ ಬೀಳುತ್ತದೆ. ಅದು ಮತ್ತೆ ಸರಿಹೋಗುವುದಿಲ್ಲ. ಬಿಸಿ ಎಷ್ಟಿದೆ ಅಂತ ತಿಳಿಯಲು ಬೌಲ್ ಅನ್ನು ಕೆನ್ನೆಗೆ ಒತ್ತಿ ಹಿಡಿಯುತ್ತೇನೆ. ಹಿತವಾಗಿ ಬೆಚ್ಚಗಿದ್ದರೆ ಸರಿ. ಚುರುಕ್ ಅಂದರೆ ಕೆಳಗಿಟ್ಟು ಸುಮ್ಮನೆ ಕೂರುತ್ತೇನೆ. ಒಳಗೆ ಗುಳುಗುಳು ಸದ್ದು ಬಂದರೆ ನೀರು ಕೂತಿದೆ ಅಂತ ಅರ್ಥ. ಪೈಪು ಬಿಚ್ಚದೆ, ಬಾಯಿಗಿಡುವ ತುದಿಯಿಂದಲೇ ಪೈಪ್ ಕ್ಲೀನರ್ (ನೂಲು ಸುತ್ತಿದ ತೆಳು ತಂತಿ) ತೂರಿಸಿ ತಳದ ತನಕ ಕಳಿಸಿ ಹೊರಗೆ ತೆಗೆಯಬೇಕು. ತುದಿಗೆ ಕಾಫಿ ಬಣ್ಣದ ನೀರು ಹತ್ತಿಕೊಂಡು ಬರುತ್ತದೆ. ಬಿಸಿ ಇರುವಾಗ ಕೊಳವೆಯನ್ನು ತಿರುಚಿ ಬಿಚ್ಚಬಾರದು. ಕಾದ ಮರ ಹಿಗ್ಗಿರುತ್ತದೆ, ಕೀಲು ಸಡಿಲವಾಗುತ್ತದೆ, ಇಲ್ಲವೇ ಮರ ಸೀಳುತ್ತದೆ.

ಸೇದಿ ಮುಗಿದ ಮೇಲೆ ಬೌಲ್ ಬಾಯಿಗೆ ಹೆಬ್ಬೆರಳು ಮುಚ್ಚಿ ಅಲ್ಲಾಡಿಸುತ್ತೇನೆ. ಬೂದಿ ಒಳಗೋಡೆಗೆಲ್ಲ ತೆಳ್ಳಗೆ ಮೆತ್ತುತ್ತದೆ. ಆಮೇಲೆ ಕೊಡವಿ, ಕ್ಲೀನರ್ ಹಾಕಿ ಇಟ್ಟುಬಿಡುವುದು. ಕಡಿಮೆ ಅಂದರೂ ಒಂದು ದಿನ ಅದನ್ನು ಮುಟ್ಟುವಂತಿಲ್ಲ. ಮಳೆ ಹಿಡಿದ ದಿನಗಳಲ್ಲಿ ಎರಡು ಮೂರು ದಿನ ಬಿಟ್ಟರೂ ಮರ ಪೂರ್ತಿ ಒಣಗಿರುವುದಿಲ್ಲ. ಒದ್ದೆ ಮರದ ಮೇಲೆ ಮತ್ತೆ ಸೇದಿದರೆ ಹುಳಿವಾಸನೆ ಶುರುವಾಗುತ್ತದೆ. ದಿನಾ ಸೇದುವವರ ಹತ್ತಿರ ಒಂದಕ್ಕಿಂತ ಜಾಸ್ತಿ ಪೈಪು ಇರುವುದು ಇದಕ್ಕೇ.

ಬೌಲ್ ಒಳಗೆ ಜೇನು ಸವರಿ ಶುರು ಮಾಡಿ ಅಂತ ಗೆಳೆಯರೊಬ್ಬರು ಹೇಳಿದ್ದರು. ಮಾಡಲಿಲ್ಲ. ಜೇನು ಸುಟ್ಟು ಕಪ್ಪಾಗುವುದು ನಿಜ, ಆದರೆ ಅದು ಕರಕಲು ಸಕ್ಕರೆ, ಮೇಲೆ ಅಂಟಿಕೊಂಡಿರುತ್ತದೆ ಅಷ್ಟೇ. ಕೆಲವು ಪೈಪುಗಳು ಅಂಗಡಿಯಿಂದಲೇ ಒಳಗೆ ಕಪ್ಪು ಲೇಪದೊಂದಿಗೆ ಬರುತ್ತವೆ. ಅವಕ್ಕೂ ಇದೇ ಕ್ರಮ ಸಾಕು. ಇಷ್ಟೆಲ್ಲ ಯಾರಪ್ಪ ಮಾಡುವುದು ಅನ್ನಿಸಿದರೆ ಮೆಕ್ಕೆಜೋಳದ ದಿಂಡಿನ ಪೈಪು ತೆಗೆದುಕೊಳ್ಳಿ. ಅಮೆರಿಕದ ಮಿಸ್ಸೌರಿ ರಾಜ್ಯದ ವಾಷಿಂಗ್ಟನ್ ಊರಿನಲ್ಲಿ 1869ರಿಂದ ಮಾಡುತ್ತಿದ್ದಾರೆ. ಅಗ್ಗ, ಮೊದಲ ದಿನದಿಂದಲೇ ಚೆನ್ನಾಗಿ ಸೇದುತ್ತದೆ. ಟರ್ಕಿಯ ಎಸ್ಕಿಶೆಹಿರ್ ಕಡೆ ಸಿಗುವ ಬಿಳಿ ಖನಿಜದಿಂದ ಕಡೆಯುವ ಮೀರ್‌ಶಾಮ್ ಪೈಪಿಗಂತೂ ಕೇಕ್ ಕಟ್ಟಲು ಬಿಡಲೇಬಾರದು, ಒರೆಸಿ ಇಡಬೇಕು.

ಕೆಲವು ವಾರ ಕಳೆದ ಮೇಲೆ ಟಾರ್ಚ್ ಬಿಟ್ಟು ನೋಡಿದೆ. ಕಂದು ಮರ ಎಲ್ಲೂ ಕಾಣಲಿಲ್ಲ. ತಳದಿಂದ ಅಂಚಿನ ತನಕ ಹೊಳಪಿಲ್ಲದ ಕಪ್ಪು. ಬೆರಳಾಡಿಸಿದರೆ ಸಣ್ಣಗೆ ತರಿತರಿ. ಕಹಿ ಪೂರ್ತಿ ಹೋಗಿತ್ತು. ಆಗ ವರ್ಜೀನಿಯಾ ತುಂಬಿದೆ. ಅದೇ ಎಲೆ ಹಳೆಯ ಪೈಪಿನಲ್ಲಿ ಕೊಡದ ಸಿಹಿಯನ್ನು ಇದರಲ್ಲಿ ಕೊಟ್ಟಿತು, ಕೊನೆಯ ಎಳೆತದ ತನಕ ಬೌಲ್ ಬೆಚ್ಚಗೇ ಇತ್ತು.

ಕೇಕ್ ಕಟ್ಟಿತು ಅಂತ ಬೆಳೆಯಲು ಬಿಡಬಾರದು. ಒಂದರಿಂದ ಒಂದೂವರೆ ಮಿಲಿಮೀಟರ್ ಇದ್ದರೆ ಸಾಕು. ಕಾದಾಗ ಇದ್ದಿಲೂ ಮರವೂ ಒಂದೇ ಸಮ ಹಿಗ್ಗುವುದಿಲ್ಲ. ಪದರ ದಪ್ಪವಾದರೆ ಒಳಗಿನಿಂದ ಒತ್ತಿ ಬೌಲ್ ಅನ್ನೇ ಸೀಳಿಬಿಡುತ್ತದೆ. ನಾನು ಪ್ರತಿ ಸಲ ಸೇದಿದ ಮೇಲೆ ಟಿಶ್ಯೂ ಕಾಗದ ಸುತ್ತಿ ಒಳಗೆ ತಿರುಗಿಸುತ್ತೇನೆ, ಜಾಸ್ತಿಯಾದದ್ದು ಉದುರಿ ಬರುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ಕೇಕ್ ಕೆರೆಯುವ ಸಲಕರಣೆ ರೀಮರ್ ಹಾಕಿ ಒಂದೊಂದೇ ಸುತ್ತು ಕೆರೆಯಬೇಕು, ಪೈಪು ಪೂರ್ತಿ ಆರಿದ ಮೇಲೆ. ಚೂಪು ತುದಿಯ ಚಾಕು ಮಾತ್ರ ಬೇಡ, ಅದು ತಳದ ಮರವನ್ನೇ ಕೊರೆಯುತ್ತದೆ.