ಬಿರುಗಾಳಿಯ ಮುನ್ನಾದಿನ ಎರಡು ಬ್ರೆಡ್

ಐರ್ಲೆಂಡಿಗೆ ಹೊಸದಾಗಿ ಬಂದವರಿಗೆ ಒಂದು ಸಲಹೆ. ಬಿರುಗಾಳಿಯ ಕೆಂಪು ಎಚ್ಚರಿಕೆ ಬಂದೊಡನೆ ಅಂಗಡಿಗೆ ಓಡಬೇಡಿ. ಅಷ್ಟರಲ್ಲಿ ಬ್ರೆಡ್ ಖಾಲಿಯಾಗಿರುತ್ತದೆ. ಗಾಲ್ವೇಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ತಮ್ಮ ತಾಯಿಯಿಂದ ಕಲಿತದ್ದನ್ನು ಮಾಡಿ: ಕರೆಂಟ್ ಇರುವಾಗಲೇ ಎರಡು ಸೋಡಾ ಬ್ರೆಡ್ ಬೇಯಿಸಿಡಿ.

ಒಂದಕ್ಕೆ 450 ಗ್ರಾಂ ಮೈದಾ, ಚಿಕ್ಕ ಚಮಚದಲ್ಲಿ ಒಂದೊಂದು ಅಳತೆ ಅಡುಗೆ ಸೋಡಾ ಮತ್ತು ಉಪ್ಪು, ಸುಮಾರು 375 ಮಿ.ಲೀ. ಹುಳಿ ಮಜ್ಜಿಗೆ. ಯೀಸ್ಟ್ ಬೇಡ, ಹುದುಗುವವರೆಗೆ ಕಾಯುವುದೂ ಬೇಡ. ಮುಖ್ಯವಾಗಿ, ನಾದಬೇಡಿ. ಚಪಾತಿ ಹಿಟ್ಟು ನಾದಿ ಪಳಗಿದ ಕೈ ಇಲ್ಲಿಯೇ ಕೆಲಸ ಕೆಡಿಸುವುದು; ನನ್ನ ಮೊದಲ ಬ್ರೆಡ್ ಗುಂಡುಕಲ್ಲಾಗಿತ್ತು. ಹಿಟ್ಟು ಒಂದುಗೂಡಿದರೆ ಸಾಕು. ಮೇಲೆ ಶಿಲುಬೆಯಾಕಾರದಲ್ಲಿ ಆಳವಾಗಿ ಕೊಯ್ದು 200 ಡಿಗ್ರಿಯಲ್ಲಿ 40–45 ನಿಮಿಷ ಬೇಯಿಸಿ. ತಳ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ.

ಎರಡನೆಯದು ನಿಮಗಲ್ಲ, ನೆರೆಮನೆಗೆ. ‘ಅರ್ ಸ್ಕಾ ಅ ಖೇಲೆ ಅ ವಾರನ್ ನ ದೀನೆ’ ಎಂಬುದು ಐರಿಷ್ ಗಾದೆ: ಜನ ಬದುಕುವುದು ಒಬ್ಬರ ನೆರಳಲ್ಲಿ ಇನ್ನೊಬ್ಬರು. ನನಗೆ ಅದು ಅರ್ಥವಾದದ್ದು 2025ರ ಜನವರಿ 24ರಂದು ಎಯೋವಿನ್ ಬಿರುಗಾಳಿ ಬೀಸಿದಾಗ. ಗಾಲ್ವೇ ಕರಾವಳಿಯ ಮೇಸ್ ಹೆಡ್‌ನಲ್ಲಿ ಗಂಟೆಗೆ 183 ಕಿ.ಮೀ. ವೇಗ, 7 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ನಮ್ಮದು ವಿದ್ಯುತ್ ಒಲೆ. ಅಜ್ಜಿಯದು ಜೌಗು ನೆಲದಿಂದ ಕಡಿದು ಒಣಗಿಸಿದ ಟರ್ಫ್ ಉರಿಸುವ ಒಲೆ. ಬ್ರೆಡ್ ಹಿಡಿದು ಹೋದೆವು. ಐದು ದಿನ ನಮ್ಮ ಅನ್ನ, ಸಾರು ಅಲ್ಲಿಯೇ ಬೆಂದವು. ಸಾರಿಗೆ ಮೆಣಸು ಸಾಲದು ಎಂದು ಅಜ್ಜಿ ಈಗ ತಕರಾರು ತೆಗೆಯುತ್ತಾರೆ.